ಅಜ್ಜಿಯ ಪುಲಿ, ಪುಸ್ತಕದ ಹುಲಿ

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ಮನೆಮಾತು ತೆಲುಗು. ಆರು ವರ್ಷದ ಮಗ ಕನ್ನಡ ಶಾಲೆಯಲ್ಲಿ ಒಂದನೇ ತರಗತಿ. ಓದಿನಲ್ಲಿ ಹಿಂದಿದ್ದಾನೆ ಎಂದು ಟೀಚರ್ ಹೇಳಿದರು. ಅಂದೇ ಅತ್ತೆಗೆ, ಇನ್ನು ಮೇಲೆ ಅವನಿಗೆ ತೆಲುಗು ಕಥೆ ಹೇಳಬೇಡಿ ಎಂದುಬಿಟ್ಟೆ. ಅವರೀಗ ನನ್ನೊಡನೆ ಮಾತು ಬಿಟ್ಟಿದ್ದಾರೆ. ಮಗ ಪುಸ್ತಕ ತೆಗೆದರೆ ಹೊಟ್ಟೆನೋವು ಎನ್ನುತ್ತಾನೆ. ನಾನು ಓದಿರುವುದು ಏಳನೆಯವರೆಗೆ, ಗಟ್ಟಿಯಾಗಿ ಓದಲು ಹೋದರೆ ತಡವರಿಸುತ್ತೇನೆ. ಏನು ಮಾಡಲಿ?

ಉತ್ತರ: ತಂಗೀ, ಟೀಚರ್ ಹೇಳಿದ್ದು ಮಗ ಹಿಂದಿದ್ದಾನೆ ಎಂದಷ್ಟೇ. ತೆಲುಗು ಬಿಡಿಸಬೇಕು ಎಂಬುದು ನಿಮ್ಮದೇ ಸೇರ್ಪಡೆ. ಇವತ್ತು ರಾತ್ರಿಯೇ ಅತ್ತೆಯವರ ಬಳಿ ಹೋಗಿ, ಒಂದು ಕಥೆ ಹೇಳಿ ಎಂದು ಕೇಳಿಕೊಳ್ಳಿ. ಬೇರೆ ಕ್ಷಮೆ ಬೇಕಾಗಲಾರದು.

ಕಥೆ ಕೇಳುತ್ತಾ ಬೆಳೆದ ಮಗುವಿಗೆ ಮುಂದೇನಾಗಬಹುದು ಎಂದು ಊಹಿಸುವುದು ರೂಢಿಯಾಗಿರುತ್ತದೆ. ಪುಟ ತಿರುಗಿಸುವ ಆಸೆ ಹುಟ್ಟುವುದೇ ಅಲ್ಲಿಂದ. ಅದು ಯಾವ ಭಾಷೆಯಲ್ಲಿ ಬಂದರೂ ಕನ್ನಡದ ಓದಿಗೆ ಒದಗುತ್ತದೆ. ಅಲ್ಲದೆ ಇವೆರಡು ದೂರದ ಭಾಷೆಗಳೇನಲ್ಲ. ಅಜ್ಜಿಯ ಪುಲಿ ಪಾಠದಲ್ಲಿ ಹುಲಿ, ಪಾಲು ಹಾಲು, ಪಾಮು ಹಾವು. ಹಳಗನ್ನಡದಲ್ಲಿ ನಾವೂ ಪುಲಿ, ಪಾಲ್, ಪಾವು ಎಂದೇ ಅನ್ನುತ್ತಿದ್ದೆವು! ಇಂಥ ಜೋಡಿಗಳನ್ನು ಹುಡುಕುವ ಆಟವನ್ನು ಅಜ್ಜಿ, ಮೊಮ್ಮಗನಿಗೇ ಬಿಟ್ಟುಬಿಡಿ.

ನಿಮ್ಮ ತಡವರಿಕೆಗೆ ನಾಚಬೇಡಿ. ಪದದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿ. ಎಡವಿದರೆ ಹಿಂದಿರುಗಿ ಮತ್ತೆ ಓದಿ. ಅಮ್ಮನೂ ಎಡವುತ್ತಾಳೆ ಎಂದು ಕಂಡರೆ ಅವನ ಹೊಟ್ಟೆನೋವು ಅರ್ಧ ಇಳಿಯುತ್ತದೆ. ಮೊದಲು ಚಿತ್ರ ತೋರಿಸಿ, ಏನು ನಡೆಯುತ್ತಿದೆ ಎಂದು ಅವನೇ ಹೇಳಲಿ, ತೆಲುಗಿನಲ್ಲಾದರೂ ಸರಿ. ಹತ್ತು ನಿಮಿಷ ಸಾಕು. ಜ್ವರದಲ್ಲಿರುವ, ಅಂದರೆ ಪೊರೆ ಬಿಡುತ್ತಿರುವ ಹುಳುವಿಗೆ ನೀವು ಸೊಪ್ಪು ಹಾಕುವುದಿಲ್ಲ; ಅವನು ಸುಸ್ತಾದ ದಿನ ಪುಸ್ತಕವನ್ನೂ ತೆಗೆಯಬೇಡಿ. ಕೆಲವು ತಿಂಗಳಾದರೂ ಅಕ್ಷರ ಹತ್ತದಿದ್ದರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಎಷ್ಟೋ ಕಥೆಗಳು ತೆಲುಗು, ಕನ್ನಡ ಎರಡರಲ್ಲೂ ಸಿಗುತ್ತವೆ. ತೆಲುಗಿನದನ್ನು ಮನೆಯಲ್ಲಿ ಓದಬಲ್ಲವರು ಅತ್ತೆಗೆ ಓದಿ ಹೇಳಲಿ. ಅವರು ಅದನ್ನು ತಮ್ಮ ಧಾಟಿಯಲ್ಲಿ ಮೊಮ್ಮಗನಿಗೆ ಹೇಳಲಿ. ಮರುದಿನ ಅದೇ ಕಥೆಯನ್ನು ನೀವು ಕನ್ನಡದಲ್ಲಿ ಓದಿ.

ಹುಳು ಹಣ್ಣಾಗಿ ಗೂಡು ಕಟ್ಟುವಾಗ ಮನೆಯಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಆ ನಾಲ್ಕು ದಿನ ಓದು ತಪ್ಪಿದರೆ ತಪ್ಪಲಿ, ರಾತ್ರಿ ಅಜ್ಜಿಯ ಕಥೆ ಇದ್ದೇ ಇರುತ್ತದಲ್ಲ.