ಹಸಿವಿನ ಬಗ್ಗೆ ಬರೆದಿದ್ದೀರಿ, ಊಟ ಎಲ್ಲಿ ತಂಗಿ?

ತಂಗಿ, ವಂದನೆ.

'ದಿನಾಲೂ ಸತ್ಯವೇದ ಓದುವ ಹಸಿವು ಬೆಳೆಸಿಕೊಳ್ಳಲು 7 ಹೆಜ್ಜೆ' ಅಂತ ಭಾಲ್ಕಿಯಿಂದ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಒಮ್ಮೆ ಇಲ್ಲಿ ಕಲಬುರಗಿಯಲ್ಲಿ ಪತ್ರಿಕೆಯ ಕೆಲಸದ ನಡುವೆ, ಇನ್ನೊಮ್ಮೆ ರಾತ್ರಿ ಊಟ ಆದ ಮೇಲೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಈಗಿರುವ ಹಾಗೆ ಇದನ್ನು ನಮ್ಮ ಸಭೆಯ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಆದರೆ ಆರನೇ ಪುಟದಲ್ಲಿ ಒಂದು ಸಾಲಿದೆ. ಅದೊಂದು ಇರದಿದ್ದರೆ ಇಷ್ಟುದ್ದ ಪತ್ರ ಬರೆಯುತ್ತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ. ದಿನಕ್ಕೆ 3 ಅಧ್ಯಾಯ ಓದಿದರೆ ವರ್ಷಕ್ಕೆ ಸತ್ಯವೇದ ಮುಗಿಯುತ್ತದೆ ಅಂತ ಬರೆದಿದ್ದೀರಿ. ಮುಗಿಯುವುದಿಲ್ಲ. ನಮ್ಮ ಬೈಬಲ್ಲಿನ 66 ಪುಸ್ತಕಗಳಲ್ಲಿ ಇರುವುದು 1,189 ಅಧ್ಯಾಯ. ದಿನಕ್ಕೆ 3 ಅಂದರೆ ವರ್ಷಕ್ಕೆ 1,095, ಇನ್ನೂ 94 ಉಳಿಯುತ್ತವೆ. ರವಿವಾರ 5 ಓದಿದರೆ ಸರಿಹೋಗುತ್ತದೆ. ಓದುವವರಲ್ಲಿ ಯಾರೋ ಒಬ್ಬರು ನಿಮ್ಮ ಮಾತು ನಂಬಿ ಡಿಸೆಂಬರ್ 31ರ ರಾತ್ರಿ ನೋಡಿದರೆ ಇನ್ನೂ ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲೇ ಇರುತ್ತಾರೆ, ಆಮೇಲೆ ನನಗೆ ಫೋನ್ ಮಾಡುತ್ತಾರೆ.

ಲೆಕ್ಕ ತಿದ್ದಬಹುದು. ಆದರೆ ಇದೇ ಲೆಕ್ಕದಲ್ಲಿ ಜನ ಎಲ್ಲಿ ಬೀಳುತ್ತಾರೆ ಅಂತ ಯೋಚಿಸಿದ್ದೀರಾ? ಜನವರಿ 1ಕ್ಕೆ ಶುರು. ಆದಿಕಾಂಡ 50, ವಿಮೋಚನಕಾಂಡ 40. ಕಥೆ ಇದೆ, ಅಣ್ಣತಮ್ಮಂದಿರ ಜಗಳ ಇದೆ, ಓದಿಸಿಕೊಂಡು ಹೋಗುತ್ತದೆ. 30ನೇ ತಾರೀಖಿಗೆ ಎರಡೂ ಮುಗಿಯುತ್ತವೆ. ಮರುದಿನ ಯಾಜಕಕಾಂಡ. ಫೆಬ್ರವರಿ 4ಕ್ಕೆ 13ನೇ ಅಧ್ಯಾಯ ಎದುರು ನಿಲ್ಲುತ್ತದೆ. ಚರ್ಮದ ಮಚ್ಚೆ, ಯಾಜಕ ಬಂದು ನೋಡುವುದು, ಏಳು ದಿನ ಬೇರೆ ಇಡುವುದು, ಮತ್ತೆ ನೋಡುವುದು, ಹೀಗೆ 59 ವಚನ. ನಿಮ್ಮ ಮನೆಯ ಹಳೆಯ ಸತ್ಯವೇದ ಮುಚ್ಚಿಟ್ಟು ಅದರ ಅಂಚನ್ನು ಒಮ್ಮೆ ನೋಡಿ. ನನ್ನದನ್ನು ಈಗ ನೋಡಿದೆ. ಮೊದಲ ಒಂದು ಬೆರಳಿನಷ್ಟು ಹಾಳೆ ಕಂದು. ಆಮೇಲೆ ಅಂಗಡಿಯಿಂದ ತಂದಷ್ಟೇ ಬಿಳಿ. ನಡುವೆ ಕೀರ್ತನೆಗಳ ಹತ್ತಿರ ಮತ್ತೆ ಕಂದು. ಪ್ರವಾದಿಗಳು ಬಿಳಿ. ಸುವಾರ್ತೆಗಳ ಹತ್ತಿರ ಎಣ್ಣೆಯ ಕೈ ಮುಟ್ಟಿದ ಹಾಗೆ ಕಪ್ಪು. ಎಷ್ಟು ಜನವರಿಗಳು ಫೆಬ್ರವರಿಯಲ್ಲಿ ಸತ್ತಿವೆ ಅಂತ ಆ ಅಂಚೇ ಹೇಳುತ್ತದೆ. ನಾನು ಸಂಪಾದಕ, ಸಭೆಯಲ್ಲಿ ಮುಂದಿನ ಬೆಂಚಿನವನು, ನನ್ನ ಕಥೆಯೇ ಇದು. ನಿಮ್ಮ 7 ಹೆಜ್ಜೆಯಲ್ಲಿ ಈ ಸೋಲಿನ ಸುಳಿವೇ ಇಲ್ಲ. ಬರೀ 'ಓದಬೇಕು', 'ಮಾಡಬೇಕು', 'ತಪ್ಪಿಸಬಾರದು'. 'ಬೇಕು' ಅನ್ನುವುದನ್ನು ಎರಡು ಪುಟ ಎಣಿಸಿ ಬಿಟ್ಟುಬಿಟ್ಟೆ.

ಐದನೇ ಹೆಜ್ಜೆಗಂತೂ ನನ್ನ ತಕರಾರು ಜಾಸ್ತಿ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಓದಿ ಅಂತೀರಿ. ಸೊಸೈಟಿ ಸಾಲದ ಕಂತೇ ಇದು? ಅದೂ ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಆಕಾಶದಿಂದ ಕೊಟ್ಟ ಆಹಾರ ಮನ್ನದ ಕಥೆ ಹೇಳಿದ ಮರುಪುಟದಲ್ಲೇ! ವಿಮೋಚನಕಾಂಡ 16ರಲ್ಲಿ ಮನ್ನ ಅವತ್ತಿನದು ಅವತ್ತಿಗೆ, ಬೆಳಗಿನ ತನಕ ಇಟ್ಟುಕೊಂಡಿದ್ದು ಹುಳ ಬಿದ್ದು ನಾರಿತು. (ಆರನೇ ದಿನ ಎರಡರಷ್ಟು ಕೂಡಿಸಿದರಲ್ಲ ಅಂತ ನೀವು ಕೇಳಬಹುದು. ಅದು ಮರುದಿನ ಸಬ್ಬತ್, ವಿಶ್ರಾಂತಿಯ ದಿನ ಅಂತ ಮುಂಚೆಯೇ ತಂದದ್ದು, ಬಾಕಿ ತೀರಿಸಿದ್ದಲ್ಲ.) ನಾಲ್ಕು ದಿನ ತಪ್ಪಿದವರ ತಲೆ ಮೇಲೆ 12 ಅಧ್ಯಾಯದ ಬಾಕಿ ಹೊರಿಸಿದರೆ ಅವರು ಐದನೇ ದಿನವೂ ಪುಸ್ತಕ ತೆಗೆಯುವುದಿಲ್ಲ, ನೋಡುತ್ತಿರಿ.

ಹಸಿವು, ಹಸಿವು ಅಂತ ಪುಟಪುಟಕ್ಕೂ ಇದೆ, ಆದರೆ ಹಸಿವು ಕೆಟ್ಟವರಿಗೆ ನಮ್ಮ ಕಡೆ ಏನು ಮಾಡುತ್ತಾರೆ ಅಂತ ಒಂದು ಕಡೆಯೂ ಇಲ್ಲ. ಜ್ವರ ಬಿಟ್ಟ ಮೇಲೆ ಬಾಯಿ ಕಹಿ ಇರುತ್ತದಲ್ಲ, ಆಗ ಯಾರಾದರೂ ಎದುರಿಗೆ ನಾಲ್ಕು ರೊಟ್ಟಿ, ಪುಂಡಿಪಲ್ಯ ಇಟ್ಟು ತಿನ್ನು ಅಂತಾರಾ? ತೆಳ್ಳಗೆ ಜೋಳದ ಅಂಬಲಿ, ಅದಕ್ಕೆ ಮಜ್ಜಿಗೆ, ಒಂದು ಹರಳು ಉಪ್ಪು. ಎರಡು ದಿನಕ್ಕೆ ತಾನೇ ಕೇಳುತ್ತಾರೆ, ರೊಟ್ಟಿ ಇಲ್ಲೇನು ಅಂತ. ಓದಿಗೂ ಹಾಗೇ. 117ನೇ ಕೀರ್ತನೆ ಇರುವುದೇ 2 ವಚನ. ರೂತಳ ಪುಸ್ತಕ 4 ಅಧ್ಯಾಯ, ಅದರ ಎರಡನೇ ಅಧ್ಯಾಯದಲ್ಲಿ ಆಕೆ ಹೊಲದಲ್ಲಿ ಹಕ್ಕಲಾಯುವುದನ್ನು ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳುವುದೇ ಬೇಡ, ಜೋಳದ ರಾಶಿ ಆದ ಮೇಲೆ ತೆನೆ ಆಯ್ದ ಕೈಗಳು ಇನ್ನೂ ಇವೆ. ಮಾರ್ಕನ ಸುವಾರ್ತೆ 16 ಅಧ್ಯಾಯ, ನೀವು ಓಡಾಡುವ ಬೀದರ್–ಕಲಬುರಗಿ ರೈಲಿನಲ್ಲಿ ಎರಡು ಅಧ್ಯಾಯ ಆರಾಮಾಗಿ ಆಗುತ್ತದೆ. ಯಾಜಕಕಾಂಡ ಬೇಡ ಅಂತಲ್ಲ. ಬಾಯಿಗೆ ರುಚಿ ಬಂದ ಮೇಲೆ.

ಇನ್ನೊಂದು ತಪ್ಪು. ಬೆರೋಯ ಪಟ್ಟಣದವರು ಬೆಳಗ್ಗೆ ಎದ್ದು ತಮ್ಮ ತಮ್ಮ ಮನೆಯಲ್ಲಿ ಸತ್ಯವೇದ ಓದುತ್ತಿದ್ದರು ಅಂತ ಬರೆದಿದ್ದೀರಿ. ಅಪೊಸ್ತಲರ ಕೃತ್ಯಗಳು 17:11 ತೆಗೆದು ನೋಡಿ. ಅಲ್ಲಿಗೆ ಬೋಧಿಸಲು ಬಂದ ಅಪೊಸ್ತಲ ಪೌಲ ಹೇಳಿದ್ದು ನಿಜವೋ ಅಲ್ಲವೋ ಅಂತ ಅವರು ದಿನಾಲೂ ಶಾಸ್ತ್ರ ತೆಗೆದು ಪರೀಕ್ಷೆ ಮಾಡುತ್ತಿದ್ದರು. ಪೌಲನನ್ನೇ! ನಮ್ಮ ಪಾಸ್ಟರ್ ಹೇಳಿದ್ದನ್ನು ಮನೆಗೆ ಹೋಗಿ ಯಾರು ತೆಗೆದು ನೋಡುತ್ತಾರೆ ಹೇಳಿ. ಅದೂ ಅಲ್ಲದೆ ಆಗ ಕೈಬರಹದ ಸುರುಳಿಗಳು, ಮನೆಗೊಂದು ಎಲ್ಲಿಂದ ಬರಬೇಕು? ಕನ್ನಡದಲ್ಲಿ ಪೂರ್ತಿ ಸತ್ಯವೇದ ಅಚ್ಚಾಗಿದ್ದು 1831ರಲ್ಲಿ, ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಅಚ್ಚಾದ ಮೇಲೂ ನಮ್ಮ ಹಳ್ಳಿಗಳ ಎಷ್ಟೋ ಹಿರಿಯರಿಗೆ ಅಕ್ಷರ ಇರಲಿಲ್ಲ, ಕಿವಿಯಿಂದಲೇ ಕಲಿತರು, ಭಜನೆಯಲ್ಲಿ ಕಲಿತರು.

ಈಗ ಆ ಆರನೇ ಪುಟ. 'ನನ್ನ ಆಯಿಗೆ ಓದಲು ಬರುತ್ತಿರಲಿಲ್ಲ, ರೊಟ್ಟಿ ಬಡಿಯುವಾಗ ನನ್ನಿಂದ ಕೀರ್ತನೆ ಓದಿಸುತ್ತಿದ್ದರು, ಚಲೋ ಅನಿಸಿದ್ದನ್ನು ಅದೇ ಇನ್ನೊಮ್ಮಿ ಓದವ್ವ ಅನ್ನುತ್ತಿದ್ದರು.' ಇಷ್ಟೇ. ಮರುಸಾಲಿನಲ್ಲೇ ನೀವು 'ದೇವರೊಂದಿಗೆ ಗುಣಮಟ್ಟದ ಸಮಯ ಕಳೆಯುವುದು' ಅಂತ ಶುರು ಮಾಡಿದ್ದೀರಿ. ಇದು ಯಾವ ಊರಿನ ಮಾತು ತಂಗಿ? ಭಾಲ್ಕಿಯಲ್ಲಿ ಯಾರು ಹೀಗೆ ಮಾತಾಡುತ್ತಾರೆ? ಆಯಿ ಕೇಳಿದ್ದರೆ ರೊಟ್ಟಿ ಬಡಿಯುವುದು ಬಿಟ್ಟು ನಿಮ್ಮ ಹಣೆ ಮುಟ್ಟಿ ನೋಡುತ್ತಿದ್ದರು.

ಒಂದನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವುದು ಅಂತ ಬರುತ್ತದಲ್ಲ, ಅಲ್ಲಿರುವ ಹೀಬ್ರೂ ಮಾತು 'ಹಾಗಾ'. ಕಣ್ಣು ಮುಚ್ಚಿ ಸುಮ್ನೆ ಕೂರುವುದಲ್ಲ, ಬಾಯಲ್ಲೇ ಗುನುಗುವುದು. ಯೆಶಾಯ 31:4ರಲ್ಲಿ ಸಿಂಹ ಹಿಡಿದ ಬೇಟೆಯ ಮೇಲೆ ಗುರುಗುಟ್ಟುವುದಕ್ಕೂ ಇದೇ ಮಾತು. ಒಲೆ ಮುಂದೆ ಕೂತು ಒಂದೇ ವಚನವನ್ನು ಎರಡೆರಡು ಸಲ ಕೇಳಿ ಬಾಯಲ್ಲಿ ಹೊರಳಾಡಿಸುತ್ತಿದ್ದ ನಿಮ್ಮ ಆಯಿ ಮಾಡುತ್ತಿದ್ದದ್ದು ಮತ್ತೇನು? ನೀವು ಹೆಜ್ಜೆ ಎಣಿಸುತ್ತಾ ಹುಡುಕಿದ ಹಸಿವು ಅಲ್ಲೇ ಒಲೆ ಹತ್ತಿರ ಕೂತಿದೆ, ನೀವು ಅದನ್ನು ದಾಟಿ ಹೋಗಿದ್ದೀರಿ.

ಹಾಗಾಗಿ ಏಳೂ ಹೆಜ್ಜೆ ತೆಗೆಯಿರಿ. ಹಂಚು ಎಷ್ಟು ಕಾದಿತ್ತು, ಹೊಗೆಗೆ ನಿಮ್ಮ ಕಣ್ಣು ಉರಿಯುತ್ತಿತ್ತಾ, ಪುಸ್ತಕಕ್ಕೆ ಹಿಟ್ಟು ತಾಗಿದರೆ ಬೈಯುತ್ತಿದ್ದರಾ, ಆಟಕ್ಕೆ ಹೋಗಬೇಕು ಅಂತ ಸಿಟ್ಟಿನಿಂದ ಸಾಲು ಹಾರಿಸಿ ಓದಿದಾಗ ಆಯಿ ಹಿಡಿಯುತ್ತಿದ್ದರಾ, ಇದೆಲ್ಲ ಬರೆಯಿರಿ. ಹಾಸ್ಟೆಲ್ ಸೇರಿದ ಮೇಲೆ ಎರಡು ವರ್ಷ ಪುಸ್ತಕ ಮುಟ್ಟಲಿಲ್ಲ ಅಂತ ಒಂಬತ್ತನೇ ಪುಟದಲ್ಲಿ ಬರೆದು ನೀವೇ ಕಾಟು ಹೊಡೆದಿದ್ದೀರಿ, ಮಸಿಯ ಕೆಳಗೆ ಇನ್ನೂ ಕಾಣುತ್ತದೆ. ಅದು ಬೇಕೇ ಬೇಕು. ನಾಚಿಕೆ ಬೇಡ, ನನ್ನ ಬಿಳಿ ಅಂಚಿನ ಕಥೆ ಹೇಳಿದೆನಲ್ಲ. ಮೂರು ಪುಟ ಸಾಕು.

ಒಂದು ಮಾತ್ರ ನನಗೆ ಈಗಲೇ ಗೊತ್ತಾಗಬೇಕು. ಆಯಿ ಇನ್ನೊಮ್ಮೆ ಓದಿಸುತ್ತಿದ್ದದ್ದು ಯಾವ ಕೀರ್ತನೆ? ಹನ್ನೆರಡು ಪುಟದಲ್ಲಿ ಎಲ್ಲೂ ಬರೆದಿಲ್ಲ. ರವಿವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡಿ ಹೇಳಿ.