ಹಕ್ಕಿ ಸಾಯಲಿಲ್ಲ, ಮರಿಯೂ ಉಳಿಯಲಿಲ್ಲ

ಮಲ್ಪೆಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಕಡಲಹಕ್ಕಿಗಳ ಮೈಯಲ್ಲಿ ಸೇರುತ್ತಿರುವ ರಾಸಾಯನಿಕಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹಕ್ಕೆ ಅವರ ತಕರಾರು ಇದು: “ನಮ್ಮದು ಮೂರು ತಲೆಮಾರಿನಿಂದ ದೋಣಿ ಇರುವ ಮನೆ. ಕಡಲು ಎಷ್ಟು ದೊಡ್ಡದು ಅಂತ ನಮಗೆ ಗೊತ್ತು. ಅಷ್ಟು ನೀರಿಗೆ ಒಂದಿಷ್ಟು ವಿಷ ಬಿದ್ದರೆ ಕರಗಿ ಹೋಗಲ್ವಾ? ಹಕ್ಕಿಗಳು ರಾಶಿ ರಾಶಿಯಾಗಿ ಸತ್ತು ಬಿದ್ದದ್ದನ್ನು ನಾನಂತೂ ನೋಡಿಲ್ಲ. ಸುಮ್ನೆ ಜನರನ್ನು ಹೆದರಿಸುವುದು ಯಾಕೆ? ಅದೂ ದೂರದ ದೇಶಗಳ ಕಥೆ ಹೇಳಿ?”

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಉತ್ತರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಕರಗುವ ಮಾತು. ಉಪ್ಪು ನೀರಿನಲ್ಲಿ ಕರಗುತ್ತದೆ. ಡಿಡಿಟಿ ಎಂಬ ಕೀಟನಾಶಕ, ಪಿಸಿಬಿ ಎಂಬ ಕಾರ್ಖಾನೆಗಳ ರಾಸಾಯನಿಕಗಳು ಹಾಗಲ್ಲ. ಅವು ನೀರನ್ನು ಬಿಟ್ಟು ಕೊಬ್ಬಿಗೆ ಅಂಟಿಕೊಳ್ಳುತ್ತವೆ. ಕಡಲಲ್ಲಿ ಕೊಬ್ಬು ಇರುವುದು ಜೀವಿಗಳ ಮೈಯಲ್ಲಿ ತಾನೇ? ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಚಿಕ್ಕ ಮೀನು ತಿನ್ನುತ್ತದೆ, ಚಿಕ್ಕದನ್ನು ದೊಡ್ಡದು. ಒಂದೊಂದು ಬಾಯಿ ದಾಟುವಾಗಲೂ ವಿಷದ ಪ್ರಮಾಣ ಏರುತ್ತದೆ. ಕೊನೆಗೆ ಇವನ್ನೆಲ್ಲ ತಿನ್ನುವ ಹಕ್ಕಿ ವರ್ಷಗಟ್ಟಲೆ ಬದುಕುತ್ತದೆ. ಅಷ್ಟೂ ವರ್ಷ ತಿಂದ ಮೀನಿನ ವಿಷ ಅದರ ಕೊಬ್ಬಿನಲ್ಲಿ ಕೂತಿರುತ್ತದೆ. ಅಲ್ಲಿಂದ ಮೊಟ್ಟೆಯ ಹಳದಿಗೂ ಇಳಿಯುತ್ತದೆ.

ಇನ್ನು ಸತ್ತ ಹಕ್ಕಿಗಳ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಅನಕಾಪಾ ಎಂಬ ದ್ವೀಪವಿದೆ. ಕಂದು ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಗೂಡು ಕಟ್ಟುವ ಜಾಗ ಅದು. ಹೆಜ್ಜಾರ್ಲೆ ಕೋಳಿಯ ಹಾಗೆ ಎದೆಯ ಕೆಳಗೆ ಮೊಟ್ಟೆ ಇಟ್ಟುಕೊಂಡು ಕಾವು ಕೊಡುವುದಿಲ್ಲ. ತನ್ನ ಅಗಲವಾದ ಪಾದಗಳನ್ನೇ ಮೊಟ್ಟೆಯ ಮೇಲೆ ಊರುತ್ತದೆ. ಆ ಪಾದದ ಬಿಸಿಯೇ ಕಾವು. 1969ರಲ್ಲಿ ಅಲ್ಲಿಗೆ ಹೋದ ಸಂಶೋಧಕರು ಗೂಡುಗಳಲ್ಲಿ ಕಂಡದ್ದು ಅಪ್ಪಚ್ಚಿಯಾದ ಮೊಟ್ಟೆಗಳನ್ನು. ಚಿಪ್ಪು ಎಷ್ಟು ತೆಳುವಾಗಿತ್ತೆಂದರೆ ಹೆತ್ತವರ ಭಾರಕ್ಕೇ ಕುಸಿಯುತ್ತಿತ್ತು. 1970ರಲ್ಲಿ 552 ಗೂಡುಗಳಲ್ಲಿ ದಕ್ಕಿದ್ದು ಒಂದೇ ಒಂದು ಮರಿ.

ಗಮನಿಸಿ, ದೊಡ್ಡ ಹಕ್ಕಿಗಳು ಆಗಲೂ ಹಾರಾಡಿಕೊಂಡೇ ಇದ್ದವು. ಮೀನು ಹಿಡಿಯುತ್ತಿದ್ದವು. ದಡದಲ್ಲಿ ನಿಂತವರಿಗೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಲಾಸ್ ಏಂಜಲೀಸ್ ಬಳಿಯ ಮಾಂಟ್ರೋಸ್ ಎಂಬ ಡಿಡಿಟಿ ಕಾರ್ಖಾನೆಯ ಕೊಳೆ ಚರಂಡಿ ಹಿಡಿದು ಕಡಲಿಗೆ ಸೇರಿತ್ತು. ಅಲ್ಲಿಂದ ಆಂಚೊವಿ ಮೀನಿಗೆ, ಮೀನಿನಿಂದ ಹಕ್ಕಿಗೆ. ಡಿಡಿಟಿ ಒಡೆದು ಆಗುವ ಡಿಡಿಇ, ಚಿಪ್ಪು ಕಟ್ಟುವ ಗ್ರಂಥಿಯ ಕೆಲಸವನ್ನೇ ಕೆಡಿಸುತ್ತದೆ. ಸುಣ್ಣದ ಅಂಶ ಸಾಕಷ್ಟು ಕೂರುವುದಿಲ್ಲ.

ಹತ್ತಿರದ ಸಾಂಟಾ ಬಾರ್ಬರಾ ದ್ವೀಪದಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಅಲ್ಲಿನ ಗಲ್ ಹಕ್ಕಿಗಳು, ಅಂದರೆ ಕಡಲಕಾಗೆಗಳು, ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತವೆ. ಕೆಲವು ಗೂಡುಗಳಲ್ಲಿ ಐದಾರು ಇದ್ದವು. ನೋಡಿದರೆ ಒಂದೇ ಗೂಡಿನಲ್ಲಿ ಎರಡು ಹೆಣ್ಣುಗಳು ಸಂಸಾರ ಹೂಡಿದ್ದವು. ಸಂಶೋಧಕರಾದ ಜಾರ್ಜ್ ಹಂಟ್ ಮತ್ತು ಮಾಲಿ ಹಂಟ್ ಇದನ್ನು 1977ರಲ್ಲಿ ಪ್ರಕಟಿಸಿದರು. ಹೆಣ್ಣುಗಳು ಜೋಡಿಯಾಗುವುದರಲ್ಲಿ ಕೆಡುಕೇನೂ ಇಲ್ಲ, ಬೇರೆ ಕಡಲಹಕ್ಕಿಗಳಲ್ಲೂ ಅದು ಉಂಟು. ಇಲ್ಲಿ ಕಾಡಿದ ಪ್ರಶ್ನೆ ಬೇರೆ: ಹೆಣ್ಣುಗಳಿಗೆ ಜೋಡಿಯಾಗಲು ಗಂಡುಗಳು ಯಾಕೆ ಸಾಲಲಿಲ್ಲ?

ಇದನ್ನು ತಿಳಿಯಲು ವಿಜ್ಞಾನಿ ಮೈಕೆಲ್ ಫ್ರೈ ಮತ್ತು ಜೊತೆಗಾರರು ಗಲ್ ಮೊಟ್ಟೆಗಳಿಗೆ ಡಿಡಿಟಿ ಚುಚ್ಚಿ ನೋಡಿದರು. ವಿಪರೀತ ಜಾಸ್ತಿ ಏನಲ್ಲ, ಕಲುಷಿತ ಕಡಲಿನ ಹಕ್ಕಿಗಳ ಮೊಟ್ಟೆಯಲ್ಲಿ ಆ ಕಾಲಕ್ಕೆ ಇದ್ದಷ್ಟೇ. ಗಂಡು ಭ್ರೂಣದ ವೃಷಣದಲ್ಲಿ ಅಂಡಾಶಯದ ಅಂಗಾಂಶ ಬೆಳೆದಿತ್ತು. ಇದು ಬೆಳಕಿಗೆ ಬಂದದ್ದು 1981ರಲ್ಲಿ. ಡಿಡಿಟಿಯ ಒಂದು ರೂಪ ಹೆಣ್ಣು ಹಾರ್ಮೋನಿನಂತೆ ನಟಿಸುತ್ತದೆ, ದೇಹ ಅದನ್ನು ನಂಬುತ್ತದೆ. ಹಾರ್ಮೋನು ಕೆಲಸ ಮಾಡುವುದೇ ತೀರಾ ಸಣ್ಣ ಪ್ರಮಾಣದಲ್ಲಿ, ಅದೂ ಮೊಟ್ಟೆಯೊಳಗಿನ ಕೆಲವೇ ದಿನಗಳಲ್ಲಿ. ಹಾಗಾಗಿ ‘ಒಂದಿಷ್ಟು ವಿಷ’ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಆ ಒಂದಿಷ್ಟೇ ಇಲ್ಲಿ ಬೇಕಾದಷ್ಟಾಯಿತು.

ಕಾರ್ಖಾನೆ ಪಕ್ಕದಲ್ಲೇ ಇರಬೇಕೆಂದೂ ಇಲ್ಲ. ನಾರ್ವೆಯ ಉತ್ತರಕ್ಕೆ, ಆರ್ಕ್‌ಟಿಕ್ ಕಡಲಿನಲ್ಲಿ ಬ್ಯೋರ್ನ್‌ಓಯಾ ಎಂಬ ದ್ವೀಪವಿದೆ. ಹವಾಮಾನ ಕೇಂದ್ರದ ಒಂದಷ್ಟು ಸಿಬ್ಬಂದಿ ಬಿಟ್ಟರೆ ಜನವಸತಿ ಇಲ್ಲ. ಅಲ್ಲಿನ ಗ್ಲಾಕಸ್ ಗಲ್‌ಗಳ ರಕ್ತದಲ್ಲಿ ಪಿಸಿಬಿ ಹೇರಳ. ವಿಷ ಹೆಚ್ಚಿದ್ದ ಗಂಡುಗಳಲ್ಲಿ ಥೈರಾಯ್ಡ್ ಹಾರ್ಮೋನು ಕುಗ್ಗಿತ್ತು. ವಿಷ ಹೆಚ್ಚಿದ್ದ ಹಕ್ಕಿಗಳು ಗೂಡು ಬಿಟ್ಟು ಹೆಚ್ಚು ಹೊತ್ತು ಹೊರಗಿರುತ್ತಿದ್ದವು. ಅದೇ ದ್ವೀಪದ ಎಲ್ಲಾಶ್ಯೋನ್ ಕೆರೆಗೆ ಕಡಲಹಕ್ಕಿಗಳ ಹಿಕ್ಕೆ ಬೀಳುತ್ತದೆ. ಅಲ್ಲಿನ ಮೀನಿನಲ್ಲಿ, ಹಕ್ಕಿಗಳು ಅಷ್ಟಾಗಿ ಹೋಗದ ಪಕ್ಕದ ಕೆರೆಯ ಮೀನಿಗಿಂತ ಎಷ್ಟೋ ಪಟ್ಟು ಹೆಚ್ಚು ಪಿಸಿಬಿ ಸಿಕ್ಕಿದೆ. ಕಡಲಿನ ವಿಷವನ್ನು ಹಕ್ಕಿಗಳೇ ಹೊತ್ತು ನೆಲಕ್ಕೆ ತಂದಿವೆ.

ದೂರದ ಕಥೆ ಅಂದಿರಿ. ನಿಮ್ಮ ಊರಿಗೆ ಹತ್ತಿರದ್ದೇ ಒಂದು ಹೇಳುತ್ತೇನೆ. ಕೊಕ್ಕಡ, ಪಟ್ರಮೆಯ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ನಿಮಗೆ ನೆನಪಿರಬೇಕು. ಅದೂ ಹಾರ್ಮೋನು ಕೆಡಿಸುವ ವಿಷವೇ. ಆ ಮನೆಗಳ ಸಂಕಟ ಇನ್ನೂ ಮುಗಿದಿಲ್ಲ. ಆ ರಾಸಾಯನಿಕ ಗಾಳಿಯಲ್ಲಿ ಎಷ್ಟು ದೂರ ಹೋಗಬಲ್ಲದೆಂದರೆ, ಬೆಳೆಯೇ ಇಲ್ಲದ ಆರ್ಕ್‌ಟಿಕ್‌ನಲ್ಲೂ ಸಿಕ್ಕಿದೆ. 2011ರ ಏಪ್ರಿಲ್‌ನಲ್ಲಿ ಬೇಗ ನಾಶವಾಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಲು ಇದೂ ಒಂದು ಕಾರಣ. ಮರುತಿಂಗಳೇ ನಮ್ಮ ಸುಪ್ರೀಂ ಕೋರ್ಟ್ ಕೂಡ ತಡೆ ಹಾಕಿತು.

ಹೆದರಿಸುವುದೇ ನಮ್ಮ ಉದ್ದೇಶವಲ್ಲ. ಅಮೆರಿಕ 1972ರಲ್ಲಿ ಡಿಡಿಟಿ ನಿಷೇಧಿಸಿತು. ಅನಕಾಪಾದ ಗೂಡುಗಳಲ್ಲಿ ಮತ್ತೆ ಮರಿಗಳು ಎದ್ದವು. 2009ರಲ್ಲಿ ಕಂದು ಹೆಜ್ಜಾರ್ಲೆ ಅಳಿವಿನಂಚಿನ ಪಟ್ಟಿಯಿಂದಲೇ ಹೊರಬಂತು. ಕೈ ಕಟ್ಟಿ ಕೂರದಿದ್ದರೆ ಫಲ ಸಿಗುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಕಡಲು ಎಲ್ಲವನ್ನೂ ಕರಗಿಸಿಬಿಡುತ್ತದೆ ಅಂತ ಮಾತ್ರ ಹೇಳಲಾರೆ. ಆ ಕಾರ್ಖಾನೆಯ ಕೊಳೆ ಬಿದ್ದ ಪಾಲೊಸ್ ವರ್ಡಿಸ್ ತೀರದ ತಳದಲ್ಲಿ, ಕೆಸರಿನೊಳಗೆ, ಡಿಡಿಟಿ ಇನ್ನೂ ಇದೆ. ಅಲ್ಲಿ ಸಿಗುವ ವೈಟ್ ಕ್ರೋಕರ್ ಮೀನನ್ನು ತಿನ್ನಬೇಡಿ ಎಂದು ಅಲ್ಲಿನ ಸರ್ಕಾರ ಗಾಳ ಹಾಕುವವರಿಗೆ ಎಚ್ಚರಿಕೆ ಕೊಡುತ್ತಲೇ ಬಂದಿದೆ.

— ಸಂಪಾದಕ