ಮಗಳ ಜೊತೆ ಓಡುವ ಹುಡುಗಿಯ ಮೇಲೆ ಎಲ್ಲರಿಗೂ ಅನುಮಾನ, ದೂರಿಗೆ ನಾನೂ ಸಹಿ ಹಾಕಲೇ?

ಹಾಕಬೇಡಿ.

ಹೊಸದಾಗಿ ಬಂದ ಹುಡುಗಿ ನಿಮ್ಮ 13 ವರ್ಷದ ಮಗಳನ್ನು ಪ್ರತಿ ರೇಸ್‌ನಲ್ಲೂ ಸೋಲಿಸುತ್ತಿದ್ದಾಳೆ, 'ಅವಳು ಟ್ರಾನ್ಸ್ ಇರಬೇಕು, ಹುಟ್ಟಿದ್ದು ಹುಡುಗನಾಗಿ' ಅಂತ ಎಲ್ಲರೂ ಹೇಳುತ್ತಿದ್ದಾರೆ, ಉಳಿದ ಪೋಷಕರ ಸಹಿ ಆಗಲೇ ಆಗಿದೆ ಅಂತ ಬರೆದಿದ್ದೀರಿ. ಇಂಥದೇ ಒಂದು ದೂರು ಹಿಂದೆ ನಮ್ಮಲ್ಲೂ ಹೋಗಿತ್ತು. ಅದಕ್ಕೆ ನಾನು ಸಹಿ ಹಾಕಿದ್ದಷ್ಟೇ ಅಲ್ಲ, ಕೂತು ಬರೆದವಳೇ ನಾನು.

ನಿಮ್ಮ ಮಗಳಂತೆ ನನ್ನದೂ 800 ಮೀಟರ್ ಓಟ. ಜೂನಿಯರ್ ವಿಭಾಗದಲ್ಲಿ ಕೆಲವು ವರ್ಷ ನಾನೇ ಮೊದಲು. ಗೆಲ್ಲುವುದು ಅಭ್ಯಾಸವಾಗಿಬಿಟ್ಟರೆ ಅದು ನಮ್ಮ ಸ್ವತ್ತು ಅನ್ನಿಸುತ್ತದೆ ನೋಡಿ. ಆಗ ಬೇರೆ ಕ್ಲಬ್‌ನಿಂದ ಒಬ್ಬಳು ಬಂದಳು. ಎತ್ತರದ ಹುಡುಗಿ. ಅಗಲ ಭುಜ, ದಪ್ಪ ಧ್ವನಿ, ಚಿಕ್ಕದಾಗಿ ಕತ್ತರಿಸಿದ ಕೂದಲು. ಲೇನ್ ಬಿಟ್ಟು ಎಲ್ಲರೂ ಒಳಗೆ ಸೇರುವ ಹೊತ್ತಿಗೆ ಅವಳು ಮುಂದೆ ಹೋಗಿರುತ್ತಿದ್ದಳು. ಕೊನೆಯ ಸುತ್ತಿನ ಬೆಲ್ ಹೊಡೆಯುವಾಗ ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಎರಡನೆಯವಳಾದೆ. ಮುಂದಿನ ಮೀಟ್‌ನಲ್ಲೂ ಎರಡನೆಯವಳೇ. ಗುಸುಗುಸು ಶುರು ಮಾಡಿದ್ದು ಮೂರನೇ ಸ್ಥಾನದವಳ ಮನೆಯವರು. ಐದನೆಯವಳಿಗೋ ಎಂಟನೆಯವಳಿಗೋ ಯಾವ ಅನುಮಾನವೂ ಬಂದಿರಲಿಲ್ಲ. ಇದನ್ನು ಆಗ ಗಮನಿಸಬೇಕಿತ್ತು.

ನನ್ನ ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ದೂರಿನಲ್ಲಿ ಒಂದು ಕೆಟ್ಟ ಮಾತೂ ಇರಲಿಲ್ಲ. 'ಎಲ್ಲರ ಅನುಮಾನ ದೂರವಾಗಲು ದಯವಿಟ್ಟು ಪರೀಕ್ಷೆ ಮಾಡಿಸಿ' ಅಂತ ವಿನಯವಾಗಿಯೇ ಬರೆದಿದ್ದೆ. ನನ್ನ ಲೆಕ್ಕ ಸರಳವಾಗಿತ್ತು. ಅವಳು ಅರ್ಹಳಾಗಿದ್ದರೆ ಪರೀಕ್ಷೆಯಿಂದ ಅವಳಿಗೇನು ನಷ್ಟ? ಅಲ್ಲದಿದ್ದರೆ ನಮಗೆ ನ್ಯಾಯ ಸಿಗುತ್ತದೆ. ಹೇಗೆ ನೋಡಿದರೂ ಯಾರಿಗೂ ಅನ್ಯಾಯ ಇಲ್ಲ ಅಂತಲೇ ನಂಬಿದ್ದೆ. ಈ ನಂಬಿಕೆಯೇ ನನ್ನ ತಪ್ಪು. ಸಹಿ, ಭಾಷೆ, ಯಾರಿಗೆ ಕೊಟ್ಟೆವು ಅನ್ನುವುದೆಲ್ಲ ಆಮೇಲಿನ ಮಾತು.

ಯಾಕೆಂದರೆ ಪರೀಕ್ಷೆ ಕೇಳಿದ ಕ್ಷಣದಿಂದಲೇ ಶಿಕ್ಷೆ ಶುರುವಾಗುತ್ತದೆ. ದೂರು ಕೊಟ್ಟ ವಾರದಲ್ಲೇ ಇಡೀ ಟ್ರ್ಯಾಕ್‌ಗೆ ಸುದ್ದಿ ಹರಡಿತ್ತು. ಗುಟ್ಟಾಗಿ ಇಡುತ್ತೇವೆ ಅಂದವರೇ ಬಾಯಿಬಿಟ್ಟಿದ್ದರು. ತೀರ್ಮಾನ ಆಗುವ ತನಕ ಅವಳನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಡ್ರೆಸ್ಸಿಂಗ್ ರೂಮ್‌ಗೆ ಅವಳು ಬಂದರೆ ಉಳಿದವರು ಮಾತು ನಿಲ್ಲಿಸಿ ಎದ್ದು ಹೋಗುತ್ತಿದ್ದರು. ನಾನೂ ಹೋಗಿದ್ದೇನೆ. ಕೊನೆಗೆ 'ಸ್ಪರ್ಧಿಸಲು ಅರ್ಹಳು' ಅಂತ ಒಂದು ಸಾಲಿನ ಪತ್ರ ಬಂತು. ಅದನ್ನು ಯಾರು ನಂಬಿದರು ಅಂದುಕೊಂಡಿರಿ? 'ಏನೋ ಅಡ್ಜಸ್ಟ್ ಮಾಡಿಕೊಂಡಿರಬೇಕು' ಅಂದರು. ಅನುಮಾನ ಹುಟ್ಟಿಸಲು ಒಂದು ಹಾಳೆ ಸಾಕಾಯಿತು. ಅದನ್ನು ತೆಗೆಯಲು ಪ್ರಯೋಗಾಲಯದ ವರದಿಗೂ ಆಗಲಿಲ್ಲ. ಅವಳು ಒಮ್ಮೆ ಬಂದು ಓಡಿದಳು, ಗೆದ್ದಳು, ಆಮೇಲೆ ಬರಲೇ ಇಲ್ಲ. ಅವಳಿನ್ನೂ ಚಿಕ್ಕ ಹುಡುಗಿ.

ಸ್ವಾರ್ಥದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅವಳು ಹೋದ ಮೇಲೆ ನಾನು ಮತ್ತೆ ಮೊದಲು ಬಂದೆ, ಆದರೆ ಟೈಮಿಂಗ್ ಹಾಳಾಯಿತು. 800ರಲ್ಲಿ ಮೊದಲ ಲ್ಯಾಪ್‌ನಲ್ಲಿ ಎಳೆದುಕೊಂಡು ಹೋಗುವವರು ಒಬ್ಬರು ಬೇಕು. ಅವಳ ಹಿಂದೆ ಓಡಿ ಸೋತ ರೇಸ್‌ಗಳಲ್ಲೇ ನನ್ನ ಒಳ್ಳೆಯ ಟೈಮಿಂಗ್‌ಗಳು ಇದ್ದವು. ದೂರಿನ ಹಿಂದೆ ಓಡಾಡಿದ ಸೀಸನ್‌ನಲ್ಲಿ ಸರಿಯಾಗಿ ಪ್ರಾಕ್ಟೀಸೂ ಆಗಿರಲಿಲ್ಲ. ಮೇಲಿನ ಹಂತದ ಅರ್ಹತಾ ಸಮಯ ನನಗೆ ಸಿಗಲೇ ಇಲ್ಲ.

ಇದು ನಮ್ಮೊಬ್ಬರ ಕತೆ ಅಂದುಕೊಳ್ಳಬೇಡಿ. 2022ರಲ್ಲಿ ಅಮೆರಿಕದ ಯೂಟಾ ರಾಜ್ಯದಿಂದ ಇಂಥದೇ ಸುದ್ದಿ ಬಂತು. ಹೈಸ್ಕೂಲ್ ಹುಡುಗಿಯೊಬ್ಬಳು ಭಾರಿ ಅಂತರದಿಂದ ಗೆದ್ದಿದ್ದಳು. ದೂರು ಕೊಟ್ಟಿದ್ದು ಎರಡನೇ ಮತ್ತು ಮೂರನೇ ಸ್ಥಾನದವರ ಪೋಷಕರು. ಅಲ್ಲಿನ ಶಾಲಾ ಕ್ರೀಡಾ ಸಂಸ್ಥೆ ಅವಳ ಮನೆಯವರಿಗೂ ತಿಳಿಸದೆ ಶಿಶುವಿಹಾರದವರೆಗಿನ ದಾಖಲೆ ಕೆದಕಿತು. ಎಲ್ಲ ಕಡೆ ಹುಡುಗಿ ಅಂತಲೇ ಇತ್ತು. ಅದೇ ವರ್ಷ ಆ ರಾಜ್ಯದ ಗವರ್ನರ್ ಸ್ಪೆನ್ಸರ್ ಕಾಕ್ಸ್ ಟ್ರಾನ್ಸ್ ಹುಡುಗಿಯರನ್ನು ತಡೆಯುವ ಮಸೂದೆಗೆ ಸಹಿ ಹಾಕದೆ ವಾಪಸ್ ಕಳಿಸುವಾಗ ಒಂದು ಲೆಕ್ಕ ಕೊಟ್ಟಿದ್ದರು. ರಾಜ್ಯದಲ್ಲಿ ಆಡುವ 75,000 ಹೈಸ್ಕೂಲ್ ಮಕ್ಕಳಲ್ಲಿ 4 ಮಂದಿ ಟ್ರಾನ್ಸ್, ಅವರಲ್ಲಿ ಹುಡುಗಿಯರ ವಿಭಾಗದಲ್ಲಿ ಆಡುವವಳು ಒಬ್ಬಳೇ. ಶಾಸನಸಭೆ ಮಸೂದೆಯನ್ನು ಹೇಗೂ ಪಾಸ್ ಮಾಡಿತು, ಅದು ಬೇರೆ ವಿಷಯ.

ಈಗ ನಿಮ್ಮ ಪ್ರಶ್ನೆಗೇ ನನ್ನ ತಕರಾರು. 'ಹುಡುಗನ ಹಾಗೆ ಕಾಣುತ್ತಾಳೆ' ಅನ್ನುವುದರಿಂದ ಶುರು ಮಾಡಿ, 'ಟ್ರಾನ್ಸ್ ಇರಬೇಕು' ಅಂತ ಹಾರಿ, 'ಮಹಿಳಾ ಕ್ರೀಡೆ ಉಳಿಯಬೇಕಲ್ವಾ' ಅಂತ ಮುಗಿಸಿದ್ದೀರಿ. ಇವು ಮೂರೂ ಬೇರೆ ಬೇರೆ ವಿಷಯ. ಇವನ್ನು ಕಲಸಿದ್ದರಿಂದ ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಟ್ರಾನ್ಸ್ ಆಗಿರಲೇ ಇಲ್ಲ.

1966ರ ಬುಡಾಪೆಸ್ಟ್ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಮಹಿಳಾ ಅಥ್ಲೀಟ್‌ಗಳು ಬಟ್ಟೆ ಬಿಚ್ಚಿ ವೈದ್ಯರ ಮುಂದೆ ನಿಲ್ಲಬೇಕಿತ್ತು. ಆಮೇಲೆ ಕ್ರೋಮೋಸೋಮ್ ಪರೀಕ್ಷೆ ಬಂತು. 1985ರಲ್ಲಿ ಸ್ಪೇನ್‌ನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಜ್ ಪಾಟಿನ್ಯೊ ಆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಸಾಮಾನ್ಯವಾಗಿ ಗಂಡಸರಲ್ಲಿರುವ ಎಕ್ಸ್‌ವೈ ಕ್ರೋಮೋಸೋಮ್ ಇತ್ತು. ಆದರೆ ಅವರ ದೇಹ ಗಂಡು ಹಾರ್ಮೋನ್ ಆದ ಟೆಸ್ಟೋಸ್ಟೆರಾನ್‌ಗೆ ಸ್ಪಂದಿಸುವುದೇ ಇಲ್ಲ, ಹಾಗಾಗಿ ಓಟದಲ್ಲಿ ಅದರಿಂದ ಲಾಭವೂ ಇರಲಿಲ್ಲ. ಪದಕ ಹೋಯಿತು, ಮರ್ಯಾದೆ ಹೋಯಿತು. ಹೋರಾಡಿ 1988ರಲ್ಲಿ ಅರ್ಹತೆ ವಾಪಸ್ ಪಡೆಯುವಷ್ಟರಲ್ಲಿ ಒಳ್ಳೆಯ ವರ್ಷಗಳು ಮುಗಿದಿದ್ದವು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3,387 ಮಹಿಳೆಯರನ್ನು ಪರೀಕ್ಷಿಸಿದರು. 8 ಮಂದಿಯ ಫಲಿತಾಂಶದಲ್ಲಿ ವ್ಯತ್ಯಾಸ ಬಂತು, ವಿಚಾರಿಸಿದ ಮೇಲೆ ಎಲ್ಲ 8 ಮಂದಿಗೂ ಸ್ಪರ್ಧಿಸಲು ಬಿಟ್ಟರು. 1999ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಪದ್ಧತಿಯನ್ನೇ ಕೈಬಿಟ್ಟಿತು.

ಆದರೂ ಬೆರಳು ತೋರಿಸುವುದು ನಿಲ್ಲಲಿಲ್ಲ. ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಇದೇ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದು, ಪರೀಕ್ಷೆಯ ನಂತರ ಪದಕ ಕಳೆದುಕೊಂಡರು. ದಕ್ಷಿಣ ಆಫ್ರಿಕಾದ ಕಾಸ್ಟರ್ ಸೆಮೆನ್ಯಾ 2009ರಲ್ಲಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರಿಗೆ 18 ವರ್ಷ. ಅವರ ದೇಹದ ವಿವರ ಜಗತ್ತಿನ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು. ಒಡಿಶಾದ ಓಟಗಾರ್ತಿ ದ್ಯುತಿ ಚಾಂದ್ ಅವರನ್ನು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ಗೆ ಮೊದಲು ತಂಡದಿಂದ ಬಿಟ್ಟರು. ಅವರು ಕ್ರೀಡಾ ನ್ಯಾಯಮಂಡಳಿಗೆ ಹೋಗಿ ಸಹಜ ಟೆಸ್ಟೋಸ್ಟೆರಾನ್‌ಗೆ ಮಿತಿ ಹಾಕಿದ್ದ ನಿಯಮಕ್ಕೇ 2015ರಲ್ಲಿ ತಡೆ ತಂದರು. ಇವರೆಲ್ಲ ಹುಟ್ಟಿನಿಂದ ಹೆಣ್ಣುಮಕ್ಕಳಾಗಿಯೇ ಬೆಳೆದವರು. ಸೆಮೆನ್ಯಾರಂಥವರ ಸಹಜ ಟೆಸ್ಟೋಸ್ಟೆರಾನ್‌ನಿಂದ ಲಾಭ ಇದೆಯೇ, ಎಷ್ಟು ಅನ್ನುವುದು ನಿಜವಾದ ಚರ್ಚೆಯೇ. ಆದರೆ ಅದು ಟ್ರಾನ್ಸ್ ಚರ್ಚೆ ಅಲ್ಲ.

ಟ್ರಾನ್ಸ್ ಮಹಿಳೆಯರ ವಿಷಯದಲ್ಲಿ ನನಗೆ ಬೇರೆ ಅಭಿಪ್ರಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಗಂಡುಮಕ್ಕಳ ಹಾಗೆ ಪ್ರಾಯಕ್ಕೆ ಬಂದು ಬೆಳೆದ ದೇಹಕ್ಕೆ ಓಟದಲ್ಲಿ ಲಾಭ ಇರುತ್ತದೆ. 800ರ ವಿಶ್ವದಾಖಲೆ ಪುರುಷರಲ್ಲಿ 1:40.91, ಮಹಿಳೆಯರಲ್ಲಿ 1:53.28. ಈ ಅಂತರ ಇರುವುದರಿಂದಲೇ ಮಹಿಳಾ ವಿಭಾಗ ಅಂತ ಒಂದು ಇದೆ. ಹಾರ್ಮೋನ್ ಚಿಕಿತ್ಸೆಯಿಂದ ಒಂದಷ್ಟು ಕಡಿಮೆಯಾಗುತ್ತದೆ, ಪೂರ್ತಿ ಹೋಗುವಂತೆ ಕಾಣುವುದಿಲ್ಲ. ಅಮೆರಿಕದ ವಾಯುಪಡೆಯ ದಾಖಲೆಗಳನ್ನು ನೋಡಿದ ಒಂದು ಅಧ್ಯಯನದಲ್ಲಿ, ಎರಡು ವರ್ಷದ ಚಿಕಿತ್ಸೆಯ ನಂತರ ಪುಷ್‌ಅಪ್, ಸಿಟ್‌ಅಪ್‌ಗಳಲ್ಲಿ ವ್ಯತ್ಯಾಸ ಉಳಿದಿರಲಿಲ್ಲ, ಓಟದಲ್ಲಿ ಮಾತ್ರ ಟ್ರಾನ್ಸ್ ಮಹಿಳೆಯರು ಇನ್ನೂ ಶೇ 12ರಷ್ಟು ವೇಗವಾಗಿದ್ದರು. ಅವರು ಸೈನಿಕರು, ಕ್ರೀಡಾಪಟುಗಳಲ್ಲ. ಹಾಗಾಗಿ ಅದೊಂದನ್ನೇ ಹಿಡಿದು ಎಲ್ಲ ಆಟಕ್ಕೂ ತೀರ್ಪು ಕೊಡಲಾಗದು. ಈಜಿನ ಅಂತಾರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್ (ಆಗಿನ ಹೆಸರು ಫಿನಾ) 2022ರಲ್ಲಿ, ಓಟ-ಜಿಗಿತಗಳ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2023ರಲ್ಲಿ ಹಾಗೆ ಪ್ರಾಯಕ್ಕೆ ಬಂದು ಬೆಳೆದ ಟ್ರಾನ್ಸ್ ಮಹಿಳೆಯರಿಗೆ ಮಹಿಳಾ ವಿಭಾಗದ ಬಾಗಿಲು ಮುಚ್ಚಿದವು. ವಿಶ್ವಮಟ್ಟದ ಓಟಕ್ಕೆ ನನಗೆ ಅದು ಸರಿ ಅನ್ನಿಸುತ್ತದೆ. ಇದನ್ನು ಒಪ್ಪದ ಸ್ನೇಹಿತರು ನನಗೆ ಇದ್ದಾರೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ಟ್ರಾನ್ಸ್ ವೇಟ್‌ಲಿಫ್ಟರ್ ಲಾರೆಲ್ ಹಬಾರ್ಡ್ ಒಂದು ಲಿಫ್ಟ್ ಕೂಡ ಪೂರ್ತಿ ಮಾಡಲಾಗದೆ ಹೊರಬಿದ್ದದ್ದನ್ನು ಅವರು ನೆನಪಿಸುತ್ತಾರೆ. ಅದೂ ನಿಜ.

'ಅವರಿಗೆ ಯಾರು ಬೇಕಾದರೂ ಸ್ಪರ್ಧಿಸುವ ಓಪನ್ ವಿಭಾಗ ಮಾಡಿದರಾಯಿತು' ಅನ್ನುವವರಿಗೂ ಒಂದು ಮಾತು. ಈಜಿನಲ್ಲಿ 2023ರ ಬರ್ಲಿನ್ ವಿಶ್ವಕಪ್‌ನಲ್ಲಿ ಅದನ್ನು ಮಾಡಿ ನೋಡಿದರು. ಒಬ್ಬರೂ ಹೆಸರು ಕೊಡಲಿಲ್ಲ. ಕೊಡುವುದು ಹೇಗೆ? ಆ ಲೇನ್‌ನಲ್ಲಿ ನಿಂತರೆ ಇಡೀ ಸ್ಟೇಡಿಯಂಗೆ ತಾನು ಯಾರು ಅಂತ ಸಾರಿದ ಹಾಗೆ.

ಆದರೆ ಇದೆಲ್ಲ ವಿಶ್ವಮಟ್ಟದ ಮಾತು. ನಿಮ್ಮ ಮಗಳಿಗೆ 13. ಆ ವಯಸ್ಸಿನಲ್ಲಿ ಒಬ್ಬಳು ಆಗಲೇ ಎತ್ತರ ಬೆಳೆದು ಬಲ ಬಂದಿರುತ್ತಾಳೆ, ಇನ್ನೊಬ್ಬಳಿಗೆ ಇನ್ನೂ ಶುರುವೇ ಆಗಿರುವುದಿಲ್ಲ. ಎಲ್ಲರನ್ನೂ ಸೋಲಿಸುವ ಹುಡುಗಿ ಸುಮ್ನೆ ಬೇಗ ಬೆಳೆದವಳಾಗಿರುವ ಸಾಧ್ಯತೆಯೇ ಜಾಸ್ತಿ.

ಎಲ್ಲರಿಗೂ ಪರೀಕ್ಷೆ ಮಾಡಿಸಿದರೆ ಆಗದೇ ಅಂತಲೂ ಕೇಳಿದ್ದೀರಿ. ವರ್ಲ್ಡ್ ಅಥ್ಲೆಟಿಕ್ಸ್ 2025ರ ಸೆಪ್ಟೆಂಬರ್ 1ರಿಂದ ಅದನ್ನೇ ತಂದಿದೆ. ವಿಶ್ವ ರ‍್ಯಾಂಕಿಂಗ್ ಸ್ಪರ್ಧೆಗಳ ಮಹಿಳಾ ವಿಭಾಗಕ್ಕೆ, ಭ್ರೂಣ ಗಂಡಾಗಿ ಬೆಳೆಯಲು ಕಾರಣವಾಗುವ ಎಸ್‌ಆರ್‌ವೈ ಜೀನ್‌ನ ಪರೀಕ್ಷೆ, ಜೀವನದಲ್ಲಿ ಒಂದು ಸಲ, ಕೆನ್ನೆಯ ಒಳಭಾಗದ ಸ್ವಾಬ್ ಅಥವಾ ರಕ್ತ. ಒಬ್ಬಳ ಕಡೆ ಬೆರಳು ತೋರಿಸದೆ ಎಲ್ಲರಿಗೂ ಒಂದೇ ನಿಯಮ ಅನ್ನುವುದು ನನಗೆ ಇಷ್ಟವಾಯಿತು. ಆದರೆ 1990ರಲ್ಲಿ ಆ ಜೀನ್ ಕಂಡುಹಿಡಿದ ತಂಡದ ಆಂಡ್ರ್ಯೂ ಸಿಂಕ್ಲೇರ್ ಅವರೇ ಇದನ್ನು ಒಪ್ಪಿಲ್ಲ. ಜೀನ್ ಇದೆಯೋ ಇಲ್ಲವೋ ಅಂತ ಮಾತ್ರ ಗೊತ್ತಾಗುತ್ತದೆ, ಅದು ಕೆಲಸ ಮಾಡುತ್ತಿದೆಯೇ, ದೇಹ ಟೆಸ್ಟೋಸ್ಟೆರಾನ್ ಬಳಸಿಕೊಳ್ಳುತ್ತಿದೆಯೇ ಗೊತ್ತಾಗುವುದಿಲ್ಲ ಅನ್ನುವುದು ಅವರ ವಾದ. ಪಾಟಿನ್ಯೊ ಅವರಿಗೆ ಆಗಿದ್ದೂ ಅದೇ ಅಲ್ವಾ? ದೊಡ್ಡವರಿಗೇ ಇಷ್ಟು ಗೋಜಲಾಗಿರುವುದನ್ನು 13ರ ಮಕ್ಕಳ ಮೇಲೆ ಹೇರುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ.

ಏನೂ ಮಾಡದೆ ಇರಲಾಗದು ಅನ್ನಿಸಿದರೆ ಸಂಘಟಕರಿಗೆ ಒಂದು ಪತ್ರ ಬರೆಯಿರಿ, ಯಾರ ಹೆಸರೂ ಬೇಡ. ಈ ವಯೋಮಿತಿಗೆ ನಿಮ್ಮ ಲಿಖಿತ ನಿಯಮ ಏನು? ಅರ್ಹತೆ ನೋಡುವವರು ಯಾರು, ಎಂಟ್ರಿ ತೆಗೆದುಕೊಳ್ಳುವಾಗಲೋ ಯಾರೋ ದೂರು ಕೊಟ್ಟ ಮೇಲೋ? ವೈದ್ಯಕೀಯ ಮಾಹಿತಿ ಯಾರ ಕೈಗೆ ಹೋಗುತ್ತದೆ? ವಿಚಾರಣೆ ನಡೆಯುವಾಗ ಮಗು ಓಡಬಹುದೇ? ನಿಯಮವೇ ಇಲ್ಲದಿದ್ದರೆ ಮುಂದಿನ ಸೀಸನ್‌ಗೆ ಮೊದಲು ಮಾಡಿ ಅಂತ ಕೇಳಿ. ನಿಯಮ ಇದ್ದು, ಅದರ ಪ್ರಕಾರ ಅವರು ಆ ಹುಡುಗಿಯನ್ನು ಸೇರಿಸಿಕೊಂಡಿದ್ದರೆ ಅವಳು ಓಡಲಿ, ಅವಳು ಟ್ರಾನ್ಸ್ ಆಗಿದ್ದರೂ ಸರಿ. ನಿಯಮ ಇಷ್ಟವಾಗದಿದ್ದರೆ ನಿಯಮ ಮಾಡಿದ ದೊಡ್ಡವರ ಜೊತೆ ಜಗಳ ಆಡಿ. ಪತ್ರದಲ್ಲಿ ಅವಳ ಹೆಸರು ಬರೆಯಲೇಬೇಕು ಅಂತ ಕೈ ತುಡಿಯುತ್ತಿದ್ದರೆ ಪತ್ರವನ್ನೇ ಕಳಿಸಬೇಡಿ.

ಉಳಿದ ಪೋಷಕರು ಮುನಿಸಿಕೊಳ್ಳುತ್ತಾರೆ, ಅದಕ್ಕೆ ತಯಾರಾಗಿರಿ. ಮಗಳ ಮುಂದೆ ಈ ಮಾತು ಎತ್ತಲೇಬೇಡಿ. 'ಅವಳು ಮೋಸದಿಂದ ಗೆಲ್ಲುತ್ತಾಳೆ' ಅಂತ ಒಮ್ಮೆ ತಲೆಗೆ ಹೋದರೆ ಹುಡುಗಿ ಬೆನ್ನಟ್ಟುವುದನ್ನೇ ಬಿಡುತ್ತಾಳೆ, ನನಗೆ ಆಗಿದ್ದು ಹಾಗೆಯೇ. ಮುಂದಿನ ರೇಸ್‌ನಲ್ಲಿ ಕೋಚ್‌ಗೆ ಹೇಳಿ ಪ್ರತಿ 200 ಮೀಟರ್‌ಗೂ ಎಷ್ಟು ಸಮಯ ಹಿಡಿಯಿತು ಅಂತ ಸ್ಪ್ಲಿಟ್ ತೆಗೆಸಿ. ಬೆಲ್ ಆದ ಮೇಲೆ 400ರಿಂದ 600ರ ನಡುವೆ ಅಂತರ ಜಾಸ್ತಿಯಾಗುತ್ತಿದ್ದರೆ ಅದು ಪ್ರಾಕ್ಟೀಸ್‌ನಲ್ಲಿ ಸರಿ ಮಾಡುವಂಥದ್ದು. ಆ ಹುಡುಗಿಯ ಹಿಂದೆಯೇ 600ರ ತನಕ ಅಂಟಿಕೊಂಡು ಓಡಲು ಹೇಳಿ, ಟೈಮಿಂಗ್ ನೋಡಿ, ಆಮೇಲೆ ಬೇಕಿದ್ದರೆ ಇಲ್ಲೇ ಬರೆಯಿರಿ.